ಅಕ್ಷರ ಮುಚ್ಚಿ ಚಿತ್ರ ತೋರಿಸಿದವರು

ಸಿನಿಮಾ ತೋರಿಸುವಾಗ ಕಾಕಾ ಕೈಯಲ್ಲಿ ಒಂದು ರಟ್ಟು ಹಿಡಿದಿರುತ್ತಿದ್ದರು. ಸೀಲಿಂಗ್ ಫ್ಯಾನಿನ ಡಬ್ಬಿಯಿಂದ ಕತ್ತರಿಸಿಕೊಂಡದ್ದು. ಮೂಕಿಚಿತ್ರಗಳಲ್ಲಿ ನಡುನಡುವೆ ಬರಹದ ಹಲಗೆ ಬರುತ್ತದಲ್ಲ, ಇವನು ಇಂಥವನು, ಈಗ ಹೀಗಾಯಿತು ಎಂದು ತಿಳಿಸುವುದು, ಅದು ಬಂದ ಕೂಡಲೇ ಪ್ರೊಜೆಕ್ಟರಿನ ಮುಂದೆ ರಟ್ಟು ಅಡ್ಡ ಹಿಡಿಯುವರು. ತೆರೆ ಕಪ್ಪಾಗುತ್ತಿತ್ತು. ಹಲಗೆ ಹೋದ ಮೇಲೆ ರಟ್ಟು ತೆಗೆಯುವರು. ಹೀಗೆ ಪೂರ್ತಿ ತೋರಿಸಿ, ದೀಪ ಹಾಕಿ, "ಏನ್ ಕಂಡ್ರಿ?" ಎಂದು ಕೇಳುವರು. ಚಹಾ ಆದ ಮೇಲೆ ಅದೇ ಸಿನಿಮಾ ಮತ್ತೊಮ್ಮೆ. ಈ ಸಲ ರಟ್ಟು ಇಲ್ಲ. ಹಲಗೆಯಲ್ಲಿದ್ದುದನ್ನು ತಾವೇ ಜೋರಾಗಿ ಓದಿ ಹೇಳುವರು. ಕೊನೆಗೆ ಮತ್ತೆ ಅದೇ ಪ್ರಶ್ನೆ: "ಈಗ ಏನ್ ಕಂಡ್ರಿ?"

ಎರಡೂ ಸಲ ಜನ ಒಂದೇ ಉತ್ತರ ಕೊಟ್ಟರೆ ಅವರಿಗೆ ಆ ಭಾನುವಾರ ವ್ಯರ್ಥವಾದಂತೆ. ಉತ್ತರ ಬದಲಾದರೆ ತೊಡೆ ತಟ್ಟಿಕೊಂಡು ನಗುತ್ತಿದ್ದರು. "ನೋಡಿದ್ರಿಲ್ಲೋ? ಚಿತ್ರ ಬದಲಾಗಿಲ್ಲ. ಬದಲಾದವರು ನೀವು."

ಕಾಕಾ ತೀರಿಕೊಂಡು ಎರಡು ತಿಂಗಳಾಯಿತು. ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಅವರ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ಕಾರ್ಯದರ್ಶಿಗಳು ನನಗೆ ಫೋನ್ ಮಾಡಿದರು. ಮೈಸೂರಿನ ಕಡೆಯವರು, ಮೆತ್ತಗಿನ ಮಾತು. "ಆ ಗಲಾಟೆ ವಿಷಯ ಮಾತ್ರ ಬೇಡಮ್ಮ. ಅವರ ಸಿನಿಮಾ ಪ್ರೀತಿ, ಸರಳತೆ, ಅಷ್ಟು ಸಾಕು." ಆಯಿತು ಎಂದು ಫೋನಿಟ್ಟೆ. ಸಂಚಿಕೆಗೆ ಏನನ್ನೂ ಕಳಿಸಲಿಲ್ಲ. ಅವರು ಸರಳರೂ ಆಗಿರಲಿಲ್ಲ.

ಅವರ ಊರು ಲಿಂಗಸೂಗೂರಿನ ಕಡೆ. ಇಲ್ಲಿ ಹೈದರಾಬಾದಿಗೆ ಬಂದು, ಪಟಾನ್‌ಚೆರು ರಸ್ತೆಯ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿದರು. ನನ್ನ ಅಪ್ಪನೂ ಅಲ್ಲಿಯೇ ಇದ್ದರು. ಕಾಲೋನಿಯ ಮಕ್ಕಳೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು, ದೊಡ್ಡವರಾದ ಮೇಲೂ ಹಾಗೆಯೇ ಕರೆದೆವು. ಎರಕ ಹೊಯ್ದ ಉಕ್ಕಿನ ತುಂಡುಗಳನ್ನು ಪರೀಕ್ಷಿಸುವುದು ಅವರ ಕೆಲಸ. ತುಂಡಿನ ಮೇಲೆ ಕೆಂಪು ಬಣ್ಣ ಬಳಿದು, ಚೊಕ್ಕಟವಾಗಿ ಒರೆಸಿ, ಬಿಳಿ ಪುಡಿ ಹಾಕಿದರೆ ಬರಿಗಣ್ಣಿಗೆ ಕಾಣದ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದಂತೆ. ಗೆರೆ ಮೂಡಿದ ತುಂಡಿಗೆ ಅವರು ಸಹಿ ಹಾಕುತ್ತಿರಲಿಲ್ಲ, ಎಂಥ ಅಧಿಕಾರಿ ಬಂದು ನಿಂತರೂ ಅಷ್ಟೇ. "ಫ್ಯಾಕ್ಟರಿ ತುಂಬ ಅವರಿಗೆ ವೈರಿಗಳು. ಆದ್ರ ಎಲ್ಲಾರಿಗೂ ಅವರ ಸಹಿ ಇದ್ದ ತುಂಡೇ ಬೇಕು" ಎಂದು ಅಪ್ಪ ನಗುತ್ತಿದ್ದರು.

ನಿವೃತ್ತಿಯಾದ ಮೇಲೆ ಹಳೆಯ ಮೂಕಿಚಿತ್ರಗಳ ಹುಚ್ಚು ಹತ್ತಿತು. ಮಿಯಾಪುರದಲ್ಲಿ ಸಂಘಕ್ಕೆ ಒಂದು ಮಾಳಿಗೆ ಕೋಣೆ ಇದೆ. ಭಾನುವಾರ ಮಧ್ಯಾಹ್ನ ಅಲ್ಲಿ ಪ್ರದರ್ಶನ. ಲ್ಯಾಪ್‌ಟಾಪ್ ನನ್ನದು, ಅದನ್ನು ನಡೆಸುವವಳೂ ನಾನು. ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ವಾರವಿಡೀ ವ್ಯಾಕರಣ ತಿದ್ದಿದವಳಿಗೆ ಮಾತೇ ಇಲ್ಲದ ಸಿನಿಮಾ ಹಿತವಾಗಿತ್ತು.

ಸಂಘದವರು ಮುಂದೆ ಕುರ್ಚಿಗಳಲ್ಲಿ ಕೂರುತ್ತಿದ್ದರು. ಹಿಂದೆ ಚಾಪೆಯ ಮೇಲೆ ಕೂರುತ್ತಿದ್ದವರು ಪಕ್ಕದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಕೂಲಿಗಳು, ರಾಯಚೂರು ಯಾದಗಿರಿ ಕಡೆಯಿಂದ ಬಂದವರು. ಕಾಕಾ ತಗಡಿನ ಶೆಡ್ಡುಗಳಿಗೆ ತಾವೇ ಹೋಗಿ ಕರೆಯುತ್ತಿದ್ದರು. "ಬರ್ರಿ, ಮಾತಿಲ್ಲದ ಪಿಚ್ಚರ್ ಐತಿ. ಹಿಂದಿ ತಿಳೀಬೇಕಂತಿಲ್ಲ, ತೆಲುಗು ತಿಳೀಬೇಕಂತಿಲ್ಲ. ಕಣ್ಣು ತರ್ರಿ ಸಾಕು." ಕೋಣೆ ಸಿಮೆಂಟ್ ಧೂಳಾಗುತ್ತದೆ ಎಂದು ಕಾರ್ಯದರ್ಶಿಗಳು ಒಮ್ಮೆ ಗೊಣಗಿದರು. ಅಂದಿನಿಂದ ಕಾಕಾ ಕುರ್ಚಿ ಬಿಟ್ಟು ಚಾಪೆಯ ಮೇಲೇ ಕೂತರು. ಕುರ್ಚಿಯವರು ಮಾತ್ರ ಕುರ್ಚಿಯಲ್ಲೇ ಉಳಿದರು.

ಅವರ ನಾಲಿಗೆ ಒರಟು. ಯಾರಾದರೂ ಚೂಡಾ ಕುರುಕಿದರೆ ಸಿನಿಮಾ ನಿಲ್ಲಿಸಿ, "ತಿನ್ರಿ, ತಿನ್ರಿ, ನಾವು ಕಾಯ್ತೀವಿ" ಎನ್ನುವರು. ನಾನು ಗಮನಿಸದೆ ಹೋದದ್ದು ಬೇರೆಯವರಿಗೆ ಕಂಡರೆ, "ಎಂ.ಎ. ಮಾಡೀಯಲ್ಲವಾ ತಂಗಿ, ಇಷ್ಟೂ ಕಾಣಲಿಲ್ಲೇನು?" ಎಂದು ಎಲ್ಲರೆದುರೇ ಕೇಳುವರು. ಒಮ್ಮೆ ಮುನಿಸಿಕೊಂಡು ಮೂರು ಭಾನುವಾರ ಹೋಗಲಿಲ್ಲ. ಒಂದು ಫೋನೂ ಬರಲಿಲ್ಲ. ನಾಲ್ಕನೆಯ ವಾರ ನಾನೇ ಹೋದಾಗ, "ಆ ವಾಯರ್ ಸಡಿಲ ಆಗೇತಿ, ನೋಡು" ಎಂದರು. ಅವರ ಕಡೆಯಿಂದ ಬಂದ ರಾಜಿ ಅಷ್ಟೇ.

ಇಷ್ಟಾದ ಮೇಲೆ ಆ ಫ್ರೆಂಚ್ ಸಿನಿಮಾದ ವಿಷಯಕ್ಕೆ ಬರಲೇಬೇಕು. ಅದರ ಹೆಸರು ಬರೆಯುವುದಿಲ್ಲ. ನೂರು ವರ್ಷಕ್ಕೂ ಹಳೆಯದು, ಇಪ್ಪತ್ತು ನಿಮಿಷವೂ ಇಲ್ಲ. ಗಡಿಯ ಒಂದು ಊರು, ಅಲ್ಲೊಂದು ಸೈನಿಕರ ಠಾಣೆ, ಅದಕ್ಕೆ ರೊಟ್ಟಿ ಸುಟ್ಟು ಕೊಡುವ ಒಬ್ಬ ಬಡವ. ಅವನು ಬಂದದ್ದು ಫ್ರೆಂಚರು ಯುದ್ಧದಲ್ಲಿ ಕಳೆದುಕೊಂಡ ಸೀಮೆಯಿಂದ. ತಾನು ಫ್ರೆಂಚನೇ ಎಂದು ಅವನು ಎಣಿಸಿದ್ದಾನೆ, ಊರು ಹಾಗೆಣಿಸಿಲ್ಲ. ಒಂದು ದಿನ ಅವನ ರೊಟ್ಟಿಯೊಳಗೆ ಒಂದು ಚೀಟಿ ಸಿಗುತ್ತದೆ. ಶತ್ರುವಿಗೆ ಸುದ್ದಿ ಕಳಿಸುವವನು ಇವನೇ ಎಂದು ಅಧಿಕಾರಿ ಉಪ್ಪರಿಗೆಯಿಂದ ಸಾರುತ್ತಾನೆ. ಉಪ್ಪರಿಗೆಯ ಕಟಕಟೆಗೆ ಬಾವುಟ ಹಾಸಿದ್ದಾರೆ. ಕೆಳಗೆ ಜನ ಟೊಪ್ಪಿಗೆ ಬೀಸುತ್ತಾರೆ. ರೊಟ್ಟಿಯವನನ್ನು ಎಳೆದೊಯ್ಯುತ್ತಾರೆ. ಮುಗಿಯಿತು.

ರಟ್ಟು ಹಿಡಿದು ತೋರಿಸಿದ ಮೊದಲ ಸಲ ಕಾಕಾ ಕೇಳಿದರು: "ಈ ಮನಷ್ಯಾ ಏನ್ ತಪ್ಪು ಮಾಡ್ಯಾನ?"

ಅವನು ಚೀಟಿ ಬರೆದದ್ದನ್ನಾಗಲಿ, ರೊಟ್ಟಿಯಲ್ಲಿ ಇಟ್ಟದ್ದನ್ನಾಗಲಿ ಸಿನಿಮಾ ಎಲ್ಲಿಯೂ ತೋರಿಸುವುದಿಲ್ಲ. ಚಾಪೆಯಿಂದ ಗೋಡೆ ಕಟ್ಟುವ ಒಬ್ಬ ಗೌಂಡಿ, "ಅಂವನ ಮಾತು ಬ್ಯಾರೆ ಐತಲ್ರಿ, ಅದ ತಪ್ಪು" ಎಂದ.

"ಮೂಕಿ ಸಿನಿಮಾದಾಗ ಮಾತು ಬ್ಯಾರೆ ಐತಿ ಅಂತ ನಿನಗ ಹ್ಯಾಂಗ ತಿಳೀತೋ ಮಾರಾಯಾ?"

"ಅಂವ ಬಾಯಿ ತೆಗದಾಗೊಮ್ಮೆ ಹುಡುಗರು ಮೂಗು ಹಿಡ್ಕೊಂಡು ಅಣಕಿಸ್ತಾರಲ್ರಿ. ನಾವು ಹಿಂದಿ ಮಾತಾಡಿದ್ರ ನಮ್ಮ ಮೇಸ್ತ್ರಿ ಹಿಂಗ ಮಾಡ್ತಾನ."

ಚಾಪೆಯವರೆಲ್ಲ ನಕ್ಕರು. ಕಾಕಾ ನಗಲಿಲ್ಲ, ಆ ಜಾಗಕ್ಕೆ ಹಿಂದೆ ಹೋಗು ಎಂದು ನನಗೆ ಸನ್ನೆ ಮಾಡಿದರು. ಮತ್ತೆ ನೋಡಿದೆವು. ನಾನು ಅಷ್ಟು ಸಲ ನೋಡಿದ್ದರೂ ಆ ಹುಡುಗರನ್ನು ತಮಾಷೆಗೆ ಹಾಕಿದ್ದಾರೆ ಎಂದುಕೊಂಡಿದ್ದೆ.

ಆಮೇಲೆ ಮಲ್ಲಮ್ಮ ಮಾತಾಡಿದಳು. ಇಟ್ಟಿಗೆ ಹೊರುವವಳು, ನಲವತ್ತರ ಹೆಂಗಸು, ಓದು ಬರಹ ಇಲ್ಲ. "ಯಪ್ಪಾ, ಆ ಮೂಲ್ಯಾಗಿನ ಮಾಸ್ತರನ್ನ ನೋಡ್ರಿ. ಎಲ್ಲಾರೂ ಮ್ಯಾಲ ನೋಡಾಕತ್ತಾರ, ಅಂವ ಒಬ್ಬಾಂವ ನೆಲ ನೋಡಾಕತ್ತಾನ. ಅಂವಗ ಏನೋ ಗೊತ್ತೈತ್ರಿ. ಹೇಳವಲ್ಲ."

ಹೌದು. ಗುಂಪಿನ ಅಂಚಿನಲ್ಲಿ ಕೈಯಲ್ಲಿ ಪುಸ್ತಕ ಹಿಡಿದ ಒಬ್ಬ ಮಾಸ್ತರ. ಸಿನಿಮಾದ ಮೊದಲಲ್ಲಿ ಅಧಿಕಾರಿಯ ಆಳು ರೊಟ್ಟಿಯವನ ಅಡಿಗೆಮನೆಯಿಂದ ಹೊರಗೆ ಬರುವಾಗ ಈ ಮಾಸ್ತರ ಬೀದಿಯಲ್ಲಿ ನಿಂತಿರುತ್ತಾನೆ. ಒಂದೇ ಕ್ಷಣ. ಕಾಕಾಗೆ ಆ ದಿನ ಆದ ಸಂತೋಷವನ್ನು ನಾನು ಮತ್ತೆಂದೂ ಕಾಣಲಿಲ್ಲ. "ಯವ್ವಾ, ಹದಿನೆಂಟು ಸಲ ನೋಡೀನಿ. ನನಗ ಕಂಡಿದ್ದು ಹನ್ನೊಂದನೇ ಸಲಕ್ಕ" ಎಂದು ಅವಳಿಗೆ ಕೈಮುಗಿದರು.

ಎರಡನೆಯ ಸಲ ಹಲಗೆಗಳನ್ನು ಓದಿ ಹೇಳಿದಾಗ ಕುರ್ಚಿಯವರ ಉತ್ತರ ಬದಲಾಯಿತು. ಗೂಢಚಾರ, ದ್ರೋಹಿ, ಪರಸೀಮೆಯವನು ಎಂದು ಹಲಗೆಗಳು ಮೂರು ಸಲ ಹೇಳುತ್ತವೆ. "ಹಾಗಾದ್ರೆ ಮಾಡಿರ್ತಾನೆ ಬಿಡಿ, ಬರೆದಿದಾರಲ್ಲ" ಎಂದರು ಕಾರ್ಯದರ್ಶಿಗಳು.

ಇದರ ಬಗ್ಗೆ ನನಗೂ ಕಾಕಾಗೂ ವಾರಗಟ್ಟಲೆ ವಾದ ನಡೆಯಿತು. ಇದು ಆ ಕಾಲದ ದೇಶಭಕ್ತಿಯ ಸಿನಿಮಾ, ಸರ್ಕಾರ ಮೆಚ್ಚಲೆಂದೇ ಮಾಡಿದ್ದು, ನೀವು ಇಲ್ಲದ್ದನ್ನು ಕಾಣುತ್ತಿದ್ದೀರಿ ಎಂದು ನಾನು. ಅವರದು ಬೇರೆ ಲೆಕ್ಕ. "ಹಲಗಿ ಬರದಾಂವ ಒಬ್ಬಾಂವ, ಕ್ಯಾಮೆರಾ ಹಿಡದಾಂವ ಇನ್ನೊಬ್ಬಾಂವ. ಇಬ್ರೂ ಒಬ್ಬನ ಮನ್ಯಾಗ ಉಂಡಾರ, ಆದ್ರ ಒಂದ ಮಾತು ಹೇಳಿಲ್ಲ. ಹಲಗಿ 'ದ್ರೋಹಿ' ಅಂತೈತಿ. ಚಿತ್ರ 'ನಾ ನೋಡಿಲ್ಲ' ಅಂತೈತಿ." ಆ ಮಾಸ್ತರ ಸುಮ್ಮನೆ ಗುಂಪಿಗೆ ಸೇರಿಸಿದ ಯಾರೋ ಒಬ್ಬನಿರಬಹುದಲ್ಲ, ಬಿಸಿಲಿಗೆ ತಲೆ ತಗ್ಗಿಸಿರಬಹುದಲ್ಲ ಎಂದೆ. "ಇರಬಹುದು" ಎಂದರು. "ಅದನ್ನ ನಾ ಸಹಿ ಹಾಕಿ ಹೇಳೂದಿಲ್ಲ."

ಅವರು ಹಲಗೆ ಓದುತ್ತಿದ್ದುದು ಕನ್ನಡದಲ್ಲಿ, ಜೊತೆಗೆ ನಮ್ಮ ಹೈದರಾಬಾದಿನ ಹಿಂದಿಯಲ್ಲಿ. ಮತ್ತೊಂದು ಭಾನುವಾರ ಅದೇ ಸಿನಿಮಾ ಹಾಕಿದಾಗ ಉಪ್ಪರಿಗೆಯ ದೃಶ್ಯದಲ್ಲಿ ಆವೇಶ ಬಂದು, "ಯೇ ಝಂಡೇ ಕೇ ಪೀಛೇ ಖಡೇ ಸೋ ಲೋಗಾಂ ಪೂರೇ ಝೂಟ್ ಬೋಲ್ ರೈಂ" ಎಂದುಬಿಟ್ಟರು. ಈ ಬಾವುಟದ ಹಿಂದೆ ನಿಂತವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಎಂದು. ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಆ ತುಣುಕಿನಲ್ಲಿ ರೊಟ್ಟಿಯವನಿಲ್ಲ, ಟೊಪ್ಪಿಗೆಗಳಿಲ್ಲ. ಕಾಕಾ ಇದ್ದಾರೆ, ಅವರ ಹಿಂದೆ ಮೂರು ಪಟ್ಟೆಯ ಬಾವುಟ ಇದೆ. ಫ್ರೆಂಚರ ಬಾವುಟದ ಪಟ್ಟೆಗಳು ಉದ್ದಕ್ಕೆ ನಿಲ್ಲುತ್ತವೆ. ಕಟಕಟೆಗೆ ಅಡ್ಡ ತಿರುಗಿಸಿ ಹಾಸಿದ್ದರಿಂದ ಅವು ಅಡ್ಡಲಾಗಿವೆ. ಸಿನಿಮಾ ಕಪ್ಪು ಬಿಳುಪು. ಬಣ್ಣವಿಲ್ಲದ ಮೂರು ಅಡ್ಡ ಪಟ್ಟೆಗಳಿಗೆ ನೋಡಿದವರು ತಾವೇ ಬಣ್ಣ ತುಂಬಿಕೊಂಡರು.

ಬುಧವಾರದ ಹೊತ್ತಿಗೆ ಆ ತುಣುಕು ನನ್ನ ವಿದ್ಯಾರ್ಥಿಗಳ ಫೋನಿನಲ್ಲಿತ್ತು. ಮೆಟ್ರೊದಲ್ಲಿ ನಿಂತೇ ಕಾಕಾಗೆ ಫೋನ್ ಮಾಡಿದೆ. ಈ ಭಾನುವಾರ ಬೇಡ, ಒಂದು ತಿಂಗಳು ನಿಲ್ಲಿಸೋಣ ಎಂದೆ.

"ಯಾಕ?"

"ಅವರು ಅದನ್ನ ನಮ್ಮ ಬಾವುಟ ಅಂದ್ಕೊಂಡಾರ ಕಾಕಾ."

"ಅಂದ್ಕೊಳ್ಳಿ. ಪೂರ್ತಿ ಸಿನಿಮಾ ತೋರಿಸಿದ್ರ ತಿಳೀತೈತಿ."

ಆಮೇಲೆ ಅವರು ಮಾಡಿದ ಕೆಲಸಕ್ಕೆ ನನಗೆ ಈಗಲೂ ಸಿಟ್ಟಿದೆ. ತುಣುಕು ಹರಿದಾಡುತ್ತಿದ್ದ ವಾಟ್ಸಾಪ್ ಗುಂಪಿಗೇ ಸಂದೇಶ ಹಾಕಿದರು: ಭಾನುವಾರ ಮಧ್ಯಾಹ್ನ ಪೂರ್ತಿ ಚಿತ್ರ ತೋರಿಸುತ್ತೇವೆ, ಸಂಶಯ ಇದ್ದವರು ಬರಬೇಕು, ಚಹಾ ಇರುತ್ತದೆ. ಕೆಳಗೆ ವಿಳಾಸ. ಮೂವತ್ತು ವರ್ಷ ಉಕ್ಕಿನ ಮುಂದೆ ನಿಂತು ಅವರಿಗೆ ಒಂದು ನಂಬಿಕೆ ಕೂತಿತ್ತು. ಬಿರುಕು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದರೆ ಎದುರಿನವನು ಒಪ್ಪಲೇಬೇಕು. ಉಕ್ಕಿನ ಎದುರು ಅದು ನಿಜ.

ಅವರು ಬಂದರು. ಹದಿನೈದು ಇಪ್ಪತ್ತು ಹುಡುಗರು. ಮೊದಲು ಬೈಕುಗಳ ಸದ್ದು, ಆಮೇಲೆ ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಕೆಲವರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದಿದ್ದರು. ಈಗಲೂ ಯಾರಾದರೂ ಹೆಲ್ಮೆಟ್ಟನ್ನು ಪಟ್ಟಿ ಹಿಡಿದು ತೂಗಾಡಿಸಿಕೊಂಡು ಎದುರು ಬಂದರೆ ನಾನು ರಸ್ತೆಯ ಆಚೆ ಬದಿಗೆ ಹೋಗುತ್ತೇನೆ. ಕಾಕಾ ಎದ್ದು ನಿಂತು, "ಆಯಿಯೇ, ಬೈಠಿಯೇ" ಎಂದರು. ನಿಜವಾಗಿಯೂ ಕೂರಲು ಕುರ್ಚಿ ತೋರಿಸಿದರು.

ಫೋನುಗಳು ಮೇಲೆದ್ದವು. ಕ್ಷಮೆ ಕೇಳು, ಫೋನನ್ನು ನೋಡಿ ಕೇಳು ಎಂದರು. ಕಾಕಾ, "ಪೆಹಲೇ ಪಿಚ್ಚರ್ ದೇಖೋ, ಬೇಟಾ" ಎನ್ನುತ್ತಲೇ ಇದ್ದರು. ನನ್ನ ಕಡೆ ತಿರುಗಿ, "ಹಾಕು, ತಂಗಿ" ಎಂದರು.

ಸಿನಿಮಾ ಸಿದ್ಧವಾಗಿತ್ತು. ನನ್ನ ಬೆರಳು ಕೀಲಿಯ ಮೇಲೇ ಇತ್ತು. ಒತ್ತಿದ್ದರೆ ಫ್ರೆಂಚ್ ಸೈನಿಕರು, ಫ್ರೆಂಚ್ ಹಲಗೆ, ಕಂಬಕ್ಕೆ ಕಟ್ಟಿದ ಉದ್ದ ಪಟ್ಟೆಯ ಬಾವುಟ ಎಲ್ಲವೂ ಮೊದಲ ನಿಮಿಷದಲ್ಲೇ ಕಾಣುತ್ತಿದ್ದವು. ಅದರಿಂದ ಅವರು ನಿಲ್ಲುತ್ತಿದ್ದರು ಎಂದು ಹೇಳುವುದಿಲ್ಲ. ಒತ್ತಲಿಲ್ಲ ಎಂದಷ್ಟೇ ಹೇಳುತ್ತೇನೆ. ಒಬ್ಬ ಹುಡುಗ ನನ್ನ ಮೇಜಿನ ಹತ್ತಿರ ಬಗ್ಗಿದ. ನನ್ನ ವಿದ್ಯಾರ್ಥಿಗಳಷ್ಟೇ ವಯಸ್ಸು. "ಅಕ್ಕಾ, ನುವ್ವು ಕೂಡಾ ಈಯನತೋನೇನಾ?" ಎಂದ. ನೀನೂ ಇವರ ಜೊತೆಯೇನಾ ಎಂದು. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ, ವಿಚಾರಿಸಿದಂತಿತ್ತು.

"ಕಾದು. ಲ್ಯಾಪ್‌ಟಾಪ್ ಇವ್ವಡಾನಿಕಿ ವಚ್ಚಾ" ಎಂದೆ. ಅಲ್ಲ, ಲ್ಯಾಪ್‌ಟಾಪ್ ಕೊಡಲು ಬಂದೆ. ಕನ್ನಡವನ್ನು ಕೋಣೆಯೊಳಗೇ ಬಿಟ್ಟು ಬೀದಿಯ ತೆಲುಗಿಗೆ ಹೊರಳಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ. ಕಾಕಾ ನೋಡಿದರು.

ಕಾರ್ಯದರ್ಶಿಗಳು ಕೈ ಜೋಡಿಸಿ, ಇದು ಇವರ ಸ್ವಂತ ಕಾರ್ಯಕ್ರಮ, ಸಂಘಕ್ಕೂ ಇದಕ್ಕೂ ಸಂಬಂಧ ಇಲ್ಲ ಎನ್ನುತ್ತಿದ್ದರು. ಕುರ್ಚಿಯವರು ಗೋಡೆಗೆ ಸರಿದರು. ಎದ್ದವಳು ಮಲ್ಲಮ್ಮ ಒಬ್ಬಳೇ. ಸೆರಗು ಸೊಂಟಕ್ಕೆ ಬಿಗಿದುಕೊಂಡು ಕಾಕಾ ಮುಂದೆ ಬಂದು ನಿಂತಳು. "ಏ ತಮ್ಮಾ, ಮುದುಕ ಅದಾನ, ಕೈ ತೆಗಿ! ಅದು ನಮ್ಮ ಝಂಡಾ ಅಲ್ಲೋ, ಪರದೇಶದ್ದು! ಪೂರಾ ದೇಖೋ!" ಅವಳಿಗೆ ಬರುವ ಹಿಂದಿ ಅಷ್ಟೇ. ಒಬ್ಬ ಅವಳ ಮಾತನ್ನು ಮೂಗಿನಲ್ಲಿ ಅಣಕಿಸಿದ. ಇನ್ನೊಬ್ಬ ಅವಳನ್ನು ತಳ್ಳಿದ. ಅವಳು ಬಿದ್ದಾಗ ಕಾಕಾ ಹಿಡಿಯಲು ಬಗ್ಗಿದರು. ಹೆಲ್ಮೆಟ್ ಅವರ ಎಡಗಿವಿಗೆ ಬಿತ್ತು.

ಆ ಸದ್ದು ದೊಡ್ಡದೇನಲ್ಲ. ತೆಂಗಿನಕಾಯಿಯನ್ನು ಕಟ್ಟೆಯ ಮೇಲೆ ಇಟ್ಟಷ್ಟು. ಹುಡುಗರೇ ಒಂದು ಗಳಿಗೆ ಬೆಚ್ಚಿದರು. ಆಮೇಲೆ ಇಳಿದುಹೋದರು.

ಎಡಗಿವಿ ಹೋಯಿತು. "ಮೂಕಿ ಸಿನಿಮಾಕ್ಕ ನಾ ಈಗ ಸರಿಯಾಗಿ ತಯಾರಾದೆ ನೋಡು" ಎಂದು ಆಸ್ಪತ್ರೆಯಲ್ಲಿ ಅಂದರಂತೆ. ನನಗೆ ಹೇಳಿದ್ದಲ್ಲ, ನಾನು ಆಸ್ಪತ್ರೆಗೆ ಹೋಗಿರಲಿಲ್ಲ.

ಹೊಡೆದವರ ಮೇಲೆ ದೂರು ಕೊಡಲು ಯಾರೂ ಮುಂದೆ ಬರಲಿಲ್ಲ. ಕಾಕಾ ಮೇಲೆ ದೂರು ಬಂತು, ಬಾವುಟಕ್ಕೆ ಅವಮಾನ ಮಾಡಿದರು ಎಂದು. ವಿಚಾರಣೆಗಾಗಿ ಪ್ರತಿ ಸೋಮವಾರ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂತು ಬರಬೇಕಾಯಿತು. ಪೊಲೀಸರು ಸಂಘದ ಹೇಳಿಕೆ ಕೇಳಿದರು. ಕಾರ್ಯದರ್ಶಿಗಳು ಬರೆಸಿ ತಂದರು: ಸದರಿಯವರು ತಮ್ಮ ಇಷ್ಟದಂತೆ ಚಿತ್ರ ಆರಿಸಿ ತೋರಿಸಿದ್ದಾರೆ, ಅದರಲ್ಲಿ ಏನಿದೆ ಎಂದು ನಮಗೆ ತಿಳಿದಿರಲಿಲ್ಲ, ಅವರು ಯಾವ ಬಾವುಟದ ಬಗ್ಗೆ ಮಾತಾಡಿದರೆಂದು ನಾವು ಹೇಳಲಾರೆವು. ಕೆಳಗೆ ಆರು ಸಹಿ. ಏಳನೆಯದು ನನ್ನದು. "ಲ್ಯಾಪ್‌ಟಾಪ್ ನಿಮ್ಮದಲ್ವಾಮ್ಮ, ನಿಮಗೇ ತೊಂದರೆ" ಎಂದರು. ನಮ್ಮ ಮನೆಯ ನಡುಮನೆಯಲ್ಲಿ ಕೂತು, ಒಮ್ಮೆ ಓದಿ, ಸಹಿ ಹಾಕಿದೆ.

ತಿಂಗಳ ಮೇಲೆ ಕಾಕಾ ಮನೆಗೆ ಹೋದೆ. ಅಳುತ್ತ, ಸಹಿ ಹಾಕಿದ್ದನ್ನೂ ಹೇಳಿದೆ. ಅವರು ಬಲಗಿವಿ ನನ್ನ ಕಡೆ ತಿರುಗಿಸಿ ಎಲ್ಲವನ್ನೂ ಕೇಳಿಸಿಕೊಂಡರು.

"ಕೋಣ್ಯಾಗ ನೀ ಹೆದರಿದಿ. ಅದಕ್ಕ ನಾ ಏನೂ ಅನ್ನೂದಿಲ್ಲ, ನಾನೂ ಹೆದರಿದ್ದೆ" ಎಂದರು. "ಆದ್ರ ಸಹಿ ಹಾಕಿದಾಗ ನಿನ್ನ ಮುಂದ ಹೆಲ್ಮೆಟ್ ಇದ್ದಿಲ್ಲ. ಫ್ಯಾನಿನ ಕೆಳಗ ಕುಂತು ಹಾಕಿದಿ."

ಆಮೇಲೆ, "ಅದನ್ನ ವಾಪಸ್ ತೊಗೊಳ್ಳಾಕ ಬರ್ತೈತವಾ. ಹೋಗಿ ಬರದು ಕೊಡಬೇಕು, ಅಷ್ಟ" ಎಂದರು. ಹೋಗ್ತೀನಿ ಕಾಕಾ ಎಂದೆ. ಒಂದು ಸೋಮವಾರ ಪರೀಕ್ಷೆ ಇತ್ತು. ಇನ್ನೊಂದು ಸೋಮವಾರ ಅಪ್ಪ ಬೇಡವೆಂದರು. ಆಮೇಲಿನ ಸೋಮವಾರಗಳಿಗೆ ಕಾರಣಗಳನ್ನೂ ಹುಡುಕಲಿಲ್ಲ. ಅವರು ತಪ್ಪದೆ ಹೋಗಿ ಕೂತು ಬಂದರು. ಮಲ್ಲಮ್ಮ ಒಮ್ಮೆ ಜೊತೆಗೆ ಹೋಗಿ, ತಾನು ಕಂಡದ್ದನ್ನು ಹೇಳುತ್ತೇನೆ ಎಂದಳಂತೆ. ಅವಳ ಆಧಾರ್ ಕಾರ್ಡಿನಲ್ಲಿ ಯಾದಗಿರಿಯ ವಿಳಾಸವಿತ್ತು. ಇಲ್ಲಿಯ ವಿಳಾಸಕ್ಕೆ ಪುರಾವೆ ತಾ ಎಂದು ವಾಪಸ್ ಕಳಿಸಿದರು. ಕಟ್ಟಡ ಮುಗಿದ ಮೇಲೆ ಅವರ ಗುಂಪು ಎಲ್ಲಿಗೆ ಹೋಯಿತೋ ನನಗೆ ಗೊತ್ತಿಲ್ಲ. ಕಾಕಾ ಹೃದಯಾಘಾತದಿಂದ ಹೋದರು, ಒಂದು ಶುಕ್ರವಾರ.

ಕಾರ್ಯದರ್ಶಿಗಳ ಫೋನ್ ಬಂದ ಮರುದಿನ ನಾನು ಸ್ಟೇಷನ್ನಿಗೆ ಹೋದೆ. ಎರಡು ಪುಟ ಬರೆದುಕೊಂಡಿದ್ದೆ. ಆ ಚಿತ್ರವನ್ನು ಆರಿಸಿದಾಗ ನಾನೂ ಜೊತೆಗಿದ್ದೆ. ಅದರಲ್ಲಿ ಏನಿದೆ ಎಂದು ನನಗೆ ತಿಳಿದಿತ್ತು. ಅವರು ಹೇಳಿದ್ದು ಫ್ರೆಂಚರ ಬಾವುಟದ ಬಗ್ಗೆ, ಅದರ ಹಿಂದೆ ನಿಂತ ಸುಳ್ಳುಗಾರರ ಬಗ್ಗೆ. ಹಿಂದಿನ ನನ್ನ ಹೇಳಿಕೆ ಸುಳ್ಳು. ಹೆಡ್ ಕಾನ್‌ಸ್ಟೇಬಲ್ ವಯಸ್ಸಾದವರು, ಒಳ್ಳೆಯವರೇ. ಪೂರ್ತಿ ಓದಿದರು. "ಪೆದ್ದಾಯನ ಪೋಯಾರು ಕದಮ್ಮಾ" ಎಂದರು. ಹಿರಿಯರು ಹೋಗಿಬಿಟ್ಟರಲ್ಲಮ್ಮ. ಫೈಲು ಮುಚ್ಚಿಯಾಗಿದೆ, ಈಗ ಇದು ಯಾರಿಗೆ ಬೇಕು?

ತೆಗೆದುಕೊಳ್ಳಲೇಬೇಕು ಎಂದು ಹಟ ಹಿಡಿದೆ. ಅವರು ನಿಟ್ಟುಸಿರು ಬಿಟ್ಟು, ಸ್ವೀಕರಿಸಿದ್ದೇವೆ ಎಂಬ ಮೊಹರು ತೆಗೆದರು. ನಾನು ತಾರೀಖು ಬರೆಯುವುದನ್ನು ಮರೆತಿದ್ದೆ. ಹಾಳೆಯನ್ನು ನನ್ನ ಕಡೆ ತಿರುಗಿಸಿ, ಯಾವ ತಾರೀಖು ಹಾಕುತ್ತೀರಿ ಎಂದು ಕೇಳಿದರು.

ನನ್ನ ತಲೆಯಲ್ಲಿ ಒಂದು ಸೋಮವಾರದ ತಾರೀಖು ಬಂತು, ಕಾಕಾ ಇನ್ನೂ ಇದ್ದಾಗಿನದು. ಅವರು ಇನ್ನೊಮ್ಮೆ ಕೇಳಿದರು.

ಆ ಸೋಮವಾರದ್ದಲ್ಲ, ನಾನು ಸ್ಟೇಷನ್ನಿನಲ್ಲಿ ನಿಂತಿದ್ದ ದಿನದ ತಾರೀಖೇ ಬರೆದೆ.